ಪತ್ರ ಯಾವಾಗ ಬರ್ತದ? (ಭಾಗ 4)

ಫೋಟೊದಾಗಿರೋದು ವಾಡಿ ಜಂಕ್ಷನ್. ಒಂದು ಹಳಿ ಮುಂಬೈಗೆ, ಒಂದು ಚೆನ್ನೈಗೆ, ಇನ್ನೊಂದು ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ. ಇಲ್ಲಿಂದ ಲಂಡನ್ನಿಗೆ ಹೋಗಬೇಕಂದ್ರ ಏನು ಬೇಕು? ಸರ್ಕಾರದ ಒಂದು ಪತ್ರ.

ನಮ್ಮ ವಿದೇಶಿ ಸ್ಕಾಲರ್‌ಶಿಪ್‌ಗಳು ಜಗತ್ತಿನ ಬೇರೆಯವುಗಳ ಸಮಕ್ಕೆ ನಿಲ್ತಾವೇನು ಅಂತ ಕೇಳಿದ್ರ ಎಲ್ಲರೂ ರೊಕ್ಕದ ಲೆಕ್ಕ ಹೇಳ್ತಾರ. ಅದರಾಗ ನಾವು ಕಡಿಮೆ ಇಲ್ಲ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಫೀ, ವಿಮಾನದ ಟಿಕೆಟ್ ಕೊಟ್ಟು, ಅಮೆರಿಕಕ್ಕೆ ಹೋದವರಿಗೆ ವರ್ಷಕ್ಕೆ 15,400 ಡಾಲರ್ ಜೀವನವೆಚ್ಚ ಇಟ್ಟಿದೆ. ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆಯೂ ಅದ. ಬ್ರಿಟನ್ನಿನ ಚೀವ್ನಿಂಗ್ ಒಂದು ವರ್ಷದ ಮಾಸ್ಟರ್ಸ್‌ಗಷ್ಟೇ. ಕೇಂದ್ರದ್ದು ಪಿಎಚ್‌ಡಿಗೂ ಸಿಗ್ತದ. ಇದನ್ನ ಒಪ್ಕೋಬೇಕು.

ನಾನು ನೋಡೋದು ತಾರೀಖು. 2025ರ ಜುಲೈನಲ್ಲಿ ಕೇಂದ್ರ 106 ಮಂದಿಯನ್ನು ಆರಿಸಿತು. ಮೊದಲಿಗೆ ಪತ್ರ ಸಿಕ್ಕದ್ದು 40 ಮಂದಿಗೆ. ಉಳಿದ 66 ಮಂದಿಗೆ ‘ಹಣ ಲಭ್ಯವಾದರೆ’ ಅನ್ನೋ ಮಾತು. ಸೆಪ್ಟೆಂಬರಿಗೆ ಕ್ಲಾಸು! ಬ್ರಿಟನ್ ವೀಸಾಕ್ಕೆ ಸ್ವಂತ ಹಣ ತೋರಿಸೋದಾದ್ರ ಅದು 28 ದಿನ ಬ್ಯಾಂಕಿನಲ್ಲಿ ಕೂತಿರಬೇಕು. ಸರ್ಕಾರದ ಪತ್ರ ಇದ್ರ ಆ ತಾಪತ್ರಯ ಇಲ್ಲ. ಅಂದ್ರ ಬಡವರ ಮನೆಗೆ ಆ ಪತ್ರವೇ ಬ್ಯಾಂಕ್ ಬ್ಯಾಲೆನ್ಸ್.

ಸೇಡಂ, ಚಿಂಚೋಳಿ ಕಡೆ ತೊಗರಿ ರೊಕ್ಕ ಕೈಗೆ ಬರೋದು ಜನವರಿ, ಫೆಬ್ರವರಿಗೆ. ವಿಶ್ವವಿದ್ಯಾಲಯ ಸೀಟಿಗೆ ಡಿಪಾಸಿಟ್ ಕೇಳೋದು ಬಹಳ ಸಲ ಬಿತ್ತನೆ ಹೊತ್ತಿಗೆ, ಕೈ ಖಾಲಿ ಇದ್ದಾಗ. ಶಹಾಬಾದಿನ ಕಲ್ಲಿನ ಗಣಿಯಾಗ ದುಡಿಯೋ ಅಪ್ಪ ಆಗ ಯಾರ ಬಾಗಿಲಿಗೆ ಹೋಗಬೇಕು? ವರಮಾನ 8 ಲಕ್ಷದೊಳಗೆ ಇರಬೇಕು ಅಂತ ಷರತ್ತು ಹಾಕಿದ ಮೇಲೆ, ಕಾಯೋ ಶಕ್ತಿ ಇಲ್ಲದವರೇ ಬರ್ತಾರ ಅಂತ ಗೊತ್ತಿರಬೇಕಲ್ಲ! (125 ಸೀಟಿನಾಗ ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಇಡೀ ದೇಶಕ್ಕೆ 4. ಅದು ಇನ್ನೊಂದು ದಿನದ ಜಗಳ.)

1913ರಲ್ಲಿ ಬರೋಡಾ ಸಂಸ್ಥಾನ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಂತೆ ಮೂರು ವರ್ಷ ಅಂತ ಗೊತ್ತುಮಾಡಿ ಕೊಲಂಬಿಯಾಕ್ಕೆ ಕಳಿಸಿತ್ತು. ಸ್ಕಾಲರ್‌ಶಿಪ್ ಮುಗಿದಾಗ, 1917ರಲ್ಲಿ, ಅವರೂ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯ್ತು.

ನಮ್ಮ ಐದೂರಿನಾಗ ಯಾರಾದ್ರೂ ಅರ್ಜಿ ಹಾಕಿದ್ರ ಕಾಮೆಂಟಿನಲ್ಲಿ ಮೂರು ತಾರೀಖು ಬರೀರಿ: ಅರ್ಜಿ ಹಾಕಿದ್ದು, ಪತ್ರ ಬಂದದ್ದು, ಕ್ಲಾಸ್ ಶುರುವಾದದ್ದು. ಹೆಸರು ಬ್ಯಾಡ. ಮುಂದಿನ ಭಾಗದಾಗ ಅವನ್ನೇ ಸಾಲಾಗಿ ಹಾಕ್ತೀನಿ.