ಒಂದೇ ಕ್ಯಾಮರಾದಲ್ಲಿ ಎರಡು ಕಣ್ಣಿನ ನೋಟ

ಮುಖದ ಮುಂದೆ ಬೆರಳನ್ನು ನಿಲ್ಲಿಸಿಕೊಂಡು, ಎಡಗಣ್ಣನ್ನೊಮ್ಮೆ ಬಲಗಣ್ಣನ್ನೊಮ್ಮೆ ಮುಚ್ಚಿ ನೋಡಿದರೆ, ಆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ತೋರುವುದು. ಕಣ್ಣುಗಳೆರಡರ ನಡುವೆ ಸುಮಾರು 65 ಮಿಲಿಮೀಟರ್ ಅಂತರವಿರುವುದೇ ಇದಕ್ಕೆ ಕಾರಣ. ಈ ಎರಡು ನೋಟಗಳ ಭೇದದಿಂದಲೇ ನಮ್ಮ ಬುದ್ಧಿಯು ಹತ್ತಿರವಾವುದು, ದೂರವಾವುದು ಎಂಬುದನ್ನು ನಿರ್ಣಯಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸರು 1838ರಲ್ಲಿ, ಎಂದರೆ ಛಾಯಾಚಿತ್ರವಿದ್ಯೆಯು ಲೋಕಕ್ಕೆ ಪ್ರಕಟವಾಗುವುದಕ್ಕೆ ಒಂದು ವರ್ಷ ಮೊದಲೇ, ಕೈಯಿಂದ ಬರೆದ ಜೋಡಿ ರೇಖಾಚಿತ್ರಗಳನ್ನಿಟ್ಟು ಇದನ್ನು ತೋರಿಸಿಕೊಟ್ಟರು. ಅವರ ಯಂತ್ರಕ್ಕೆ ಸ್ಟೀರಿಯೋಸ್ಕೋಪ್ ಎಂದು ಹೆಸರು.

ಇಂತಹ ಜೋಡಿಚಿತ್ರಕ್ಕೆ ಎರಡು ಮಸೂರಗಳ ಕ್ಯಾಮರಾವೇ ಬೇಕೆಂದಿಲ್ಲ. ಮನೆಯ ಸಾಧಾರಣ ಕ್ಯಾಮರಾ ಅಥವಾ ಮೊಬೈಲ್ ಫೋನ್ ಸಾಕು. ಮೈಭಾರವನ್ನು ಎಡಗಾಲಿನ ಮೇಲೆ ಬಿಟ್ಟು ಒಂದು ಚಿತ್ರವನ್ನು ತೆಗೆಯತಕ್ಕದ್ದು. ಬಲಗಾಲಿನ ಮೇಲೆ ಬಿಟ್ಟು ಇನ್ನೊಂದನ್ನು. ಕ್ಯಾಮರಾ ಪಕ್ಕಕ್ಕೆ ಮಾತ್ರ ಸರಿಯಬೇಕು. ಮೇಲೆ ಕೆಳಗೆ ಆಗಬಾರದು, ಓರೆಯಾಗಿ ತಿರುಗಲೂ ಬಾರದು. ಎಷ್ಟು ಸರಿಯಬೇಕೆಂದರೆ, ಎಲ್ಲಕ್ಕಿಂತ ಸಮೀಪದಲ್ಲಿರುವ ವಸ್ತುವಿನ ದೂರದಲ್ಲಿ 30ರಲ್ಲೊಂದು ಪಾಲು. ತುಳಸಿಕಟ್ಟೆಯು 2 ಮೀಟರ್ ದೂರದಲ್ಲಿದ್ದರೆ ಸುಮಾರು 7 ಸೆಂಟಿಮೀಟರ್. ದೀಪದ ಕಂಬವು 60 ಸೆಂಟಿಮೀಟರ್ ದೂರದಲ್ಲಿದ್ದರೆ 2 ಸೆಂಟಿಮೀಟರ್.

ಬಳಿಕ ಒಂದೊಂದು ಚಿತ್ರವೂ 6 ಸೆಂಟಿಮೀಟರ್ ಅಗಲವಿರುವಂತೆ ಮುದ್ರಿಸಿ, ಎಡದ್ದನ್ನು ಎಡಕ್ಕೂ ಬಲದ್ದನ್ನು ಬಲಕ್ಕೂ ಸೇರಿಸಿಡಬೇಕು. ಅವೆರಡರ ನಡುವಿನಿಂದ ಮೂಗಿನವರೆಗೆ ಒಂದು ರಟ್ಟನ್ನು ಅಡ್ಡಹಿಡಿದು, ದೂರದ ಬೆಟ್ಟವನ್ನು ನೋಡುವವರಂತೆ ದೃಷ್ಟಿಯನ್ನು ಸಡಿಲಬಿಟ್ಟರೆ, ಚಿತ್ರಗಳೆರಡೂ ಮೆಲ್ಲನೆ ಕೂಡಿಕೊಂಡು ಆಳವು ತೆರೆಯುವುದು. ಮೊದಲ ದಿನವೇ ಕೂಡದಿದ್ದರೆ ಬೇಸರಿಸಬಾರದು, ಇದು ಅಭ್ಯಾಸಸಾಧ್ಯ. ಚಿತ್ರಗಳು ಅದಲುಬದಲಾದರೆ ಮಾತ್ರ ಹಿಂದಿನದು ಮುಂದೆ ಬಂದು ನೋಟವೇ ತಲೆಕೆಳಗಾಗುವುದು.

ಈ ವಿಧಾನಕ್ಕೆ ಒಂದು ಮಿತಿಯುಂಟು. ಎರಡು ಚಿತ್ರಗಳ ನಡುವೆ ಕ್ಷಣಕಾಲ ಕಳೆಯುವುದರಿಂದ, ಓಡಾಡುವ ಮಗುವಾಗಲಿ ಗಾಳಿಗೆ ಅಲುಗುವ ಎಲೆಯಾಗಲಿ ಇದಕ್ಕೆ ಒಗ್ಗದು. ನಿಶ್ಚಲವಾದುದೇ ಇದರ ವಿಷಯ.

ಹಳೆಯ ತೊಟ್ಟಿಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುವುದು ಈಗ ಊರೂರಿನಲ್ಲಿಯೂ ನಡೆದಿದೆ. ಅದು ಅವರವರ ಅನುಕೂಲ, ಬೇಡವೆನ್ನಲು ನಾವಾರು? ಆದರೆ ಒಂಟಿ ಚಿತ್ರದಲ್ಲಿ ಕಂಬಗಳು ಎಷ್ಟೆಂದು ಎಣಿಸಬಹುದೇ ಹೊರತು, ಕಂಬದಿಂದ ಕಂಬಕ್ಕೆ ಇದ್ದ ಎಡೆಯು, ತೊಟ್ಟಿಯ ಆಳವು, ಅಡುಗೆಮನೆಯ ಬಾಗಿಲಿನಾಚೆಯ ಕತ್ತಲೆಯು ಕಣ್ಣಿಗೆ ಹತ್ತುವುದಿಲ್ಲ. ಜೋಡಿಚಿತ್ರದಲ್ಲಿ ಹತ್ತುವುದು. ಅಂತಹ ಮನೆಯುಳ್ಳ ವಾಚಕರು, ಕೆಲಸದವರು ಹಾರೆಯನ್ನು ತರುವುದಕ್ಕೆ ಮೊದಲೇ, ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಡಲೆಂದು ನಾವು ಬೇಡುತ್ತೇವೆ.