ಬಂಡಿಗೆ ಮೊದಲು ಇರುಸು, ಕಡೆಗೆ ಬಣ್ಣ

ಭಾರತ ಹುಣ್ಣಿಮೆ ಇನ್ನೆರಡು ದಿನ ಇದೆ ಎನ್ನುವಾಗ ಉಗರಗೋಳದ ದಾರಿಗೆ ನಿದ್ದೆ ಇರುವುದಿಲ್ಲ. ಎಲ್ಲಮ್ಮನ ಗುಡ್ಡ ಈ ಊರಿನ ಮಗ್ಗುಲಲ್ಲೇ ಇದೆ. ಧಾರವಾಡ, ಗದಗ, ಬಾಗಲಕೋಟೆ ಸೀಮೆಯಿಂದ, ಗಡಿಯಾಚೆಯ ಮಹಾರಾಷ್ಟ್ರದಿಂದ ಬಂದ ಜನ ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುತ್ತಾರೆ. ಬಸ್ಸು, ಕ್ರೂಸರ್, ಟೆಂಪೊ, ಟ್ರ್ಯಾಕ್ಟರ್ ಎಲ್ಲವೂ ಬರುತ್ತವೆ. ಅವುಗಳ ನಡುವೆ, ಹಿಂದಿನಿಂದ ಹಾರ್ನ್ ಹೊಡೆದರೂ ಕಿವಿಗೆ ಹಾಕಿಕೊಳ್ಳದೆ, ಗೆಜ್ಜೆಸರದ ಸಪ್ಪಳ ಮಾಡುತ್ತ ಕೊಲ್ಲಾರಿ ಕಟ್ಟಿದ ಚಕ್ಕಡಿಗಳೂ ಬರುತ್ತವೆ. ಸಂಖ್ಯೆ ಮೊದಲಿನಷ್ಟಿಲ್ಲ. ಆದರೂ ಬರುತ್ತವೆ.

ಈಗ ಪೇಟೆಯ ಜನರಲ್ಲಿ ಒಂದು ಹೊಸ ಹುಚ್ಚು ಹತ್ತಿದೆ. ಹಳೆಯ ಮೆಟಡಾರನ್ನೋ ಟೆಂಪೊ ಟ್ರಾವೆಲರನ್ನೋ ಅಗ್ಗಕ್ಕೆ ಕೊಂಡು, ಒಳಗಿನ ಸೀಟು ಕಿತ್ತು, ಹಾಸಿಗೆ ಒಲೆ ನೀರಿನ ಟಾಕಿ ಜೋಡಿಸಿ, ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ತಿರುಗುವುದು. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಎಂಬ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಕಪಾಟು ಕೂಡಿಸಿ ಮಾರತೊಡಗಿತು. ಅಲ್ಲಿಂದ ಇದು ಜಗತ್ತಿಗೆಲ್ಲ ಹಬ್ಬಿತು. ಯುರೋಪಿನ ಕಾನೂನಿನಲ್ಲಿ ಇಂಥ ವಾಹನಕ್ಕೆ ಒಂದು ವ್ಯಾಖ್ಯೆಯೇ ಇದೆ. ಕೂಡಲು ಆಸನ ಮತ್ತು ಮೇಜು, ಮಲಗಲು ಜಾಗ, ಅಡುಗೆಯ ಸೌಕರ್ಯ, ಸಾಮಾನು ಇಡಲು ಸ್ಥಳ, ಈ ನಾಲ್ಕು ಇದ್ದರೆ ಅದು ಮೋಟಾರು ಮನೆ.

ಈ ನಾಲ್ಕನ್ನು ಹಿಡಿದುಕೊಂಡು ಒಂದು ಕೊಲ್ಲಾರಿ ಬಂಡಿಯ ಮುಂದೆ ನಿಂತು ನೋಡಿ. ಮೇಜೊಂದು ಬಿಟ್ಟರೆ ಎಲ್ಲವೂ ಇದೆ. ಬಿದಿರಿನ ದಬ್ಬೆ ಬಾಗಿಸಿ ಕಟ್ಟಿದ ಕಮಾನಿನ ಮೇಲೆ ತಟ್ಟು, ಅದರ ಮೇಲೆ ಜಮಖಾನ ಅಥವಾ ತಾಡಪಾಲು. ಕೆಳಗೆ ಹೊಟ್ಟಿನ ಚೀಲ ಹಾಸಿ ಮೇಲೊಂದು ಕೌದಿ. ಮೂಲೆಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಬಂಡಿಯ ಅಡಿಯಲ್ಲಿ ಗೋಣಿತಟ್ಟಿನ ಜೋಲಿ ಕಟ್ಟಿ ಅದರಲ್ಲಿ ಮೇವು. ಅದರ ಪಕ್ಕಕ್ಕೆ ಕಂದೀಲು. ಹಾಸಿಗೆಯಾಗಿದ್ದ ಹೊಟ್ಟು ದಾರಿ ಸವೆದಂತೆ ಎತ್ತಿನ ಹೊಟ್ಟೆ ಸೇರುತ್ತದೆ. ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರು. ಬಂಡಿಯ ನಡಿಗೆ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರು. ಲೆಕ್ಕ ಹಾಕಿದರೆ ದಾರಿಯಲ್ಲಿ ಒಂದು ರಾತ್ರಿ ಕಳೆಯಲೇಬೇಕು. ಗುಡ್ಡದ ಮೇಲೆ ಅಡುಗೆ ಮಾಡಿ, ಪಡ್ಡಲಗಿ ತುಂಬಿಸಿ, ತಿರುಗಿ ಊರು ಸೇರುವತನಕ ಆ ಬಂಡಿಯೇ ಮನೆ.

ಈ ಮನೆ ಪ್ರತಿವರ್ಷ ಹೊಸದಾಗಿ ಕಟ್ಟಿದ್ದಲ್ಲ. ಉಳಿದ ತಿಂಗಳಲ್ಲಿ ಗೊಬ್ಬರ ಹೊತ್ತ, ಹತ್ತಿ ಹೊತ್ತ, ಜೋಳದ ಚೀಲ ಹೊತ್ತ ಅದೇ ಹಳೆಯ ಚಕ್ಕಡಿಯನ್ನು ಜಾತ್ರೆ ಬಂತೆಂದರೆ ದುರಸ್ತಿ ಮಾಡಿ ಸವಾರಿಗೆ ಸಜ್ಜುಗೊಳಿಸುತ್ತಾರೆ. ಈ ದುರಸ್ತಿಗೆ ಒಂದು ಕ್ರಮ ಇತ್ತು. ಮೊದಲು ಗಾಲಿ ಮತ್ತು ಇರುಸು. ಆಮೇಲೆ ಮೂಕಿ ಮತ್ತು ನೊಗ. ಆಮೇಲೆ ಹಾಸು. ಆಮೇಲೆ ಕೊಲ್ಲಾರಿ. ಎಲ್ಲಕ್ಕಿಂತ ಕಡೆಗೆ ಬಣ್ಣ, ಎತ್ತಿನ ಝೂಲ, ಕೊಂಬಿನ ಗೊಂಡೆ. ಭಾರ ಹೊರುವುದನ್ನು ಮೊದಲು ನೋಡು, ಮೈ ಒರಗಿಸುವುದನ್ನು ಆಮೇಲೆ ನೋಡು, ಕಣ್ಣಿಗೆ ಕಾಣುವುದನ್ನು ಕೊನೆಗೆ ನೋಡು ಎಂಬುದು ಆ ಕ್ರಮದ ಅರ್ಥ.

ಗಾಲಿಯಿಂದಲೇ ಆರಂಭಿಸಬಹುದು. ಬಯಲುಸೀಮೆಯಲ್ಲಿ ಗಾಲಿಗೆ ಜಾಲಿ ಕಟ್ಟಿಗೆಯೇ ಹೆಚ್ಚು. ಗಟ್ಟಿ, ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ಆದರೆ ಒಣ ಹವೆಗೆ ಕಟ್ಟಿಗೆ ಕುಗ್ಗುತ್ತದೆ, ಅರಗಳು ಗುಂಬದಲ್ಲಿ ಸಡಿಲವಾಗುತ್ತವೆ, ಹಳಿ ಜಾರತೊಡಗುತ್ತದೆ. ಜಾತ್ರೆಗಳು ಬರುವುದು ಚಳಿ ಮುಗಿದು ಬಿಸಿಲು ಹತ್ತುವ ಹೊತ್ತಿಗೇ. ಅದಕ್ಕೇ ಹಿರಿಯರು ಹೊರಡುವ ಮೊದಲು ಗಾಲಿಗಳನ್ನು ಕಳಚಿ ಕೆರೆಯಲ್ಲೋ ಹಳ್ಳದಲ್ಲೋ ನೆನೆಹಾಕುತ್ತಿದ್ದರು. ನೀರು ಕುಡಿದ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಇದು ತಾತ್ಕಾಲಿಕ ಉಪಾಯ. ಹಳಿ ನಿಜವಾಗಿಯೇ ದೊಡ್ಡದಾಗಿದ್ದರೆ ಕಮ್ಮಾರನ ಬಳಿಗೇ ಹೋಗಬೇಕು.

ಹಳಿ ಹಾಕುವುದು ನೋಡುವಂಥ ಕೆಲಸ. ಗಾಲಿಯ ಸುತ್ತಳತೆಗಿಂತ ತುಸು ಕಡಿಮೆ ಅಳತೆಗೆ ಹಳಿಯನ್ನು ಕೂಡಿಸುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಾಗುವತನಕ ಕಾಸುತ್ತಾರೆ. ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಹದಿನಾಲ್ಕು ಅಡಿ ಸುತ್ತಳತೆಯ ಹಳಿ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು ಒಂದು ಇಂಚು ಬೆಳೆಯುತ್ತದೆ. ಆ ಒಂದು ಇಂಚಿನ ಸಲಿಗೆಯಲ್ಲಿ ಇಕ್ಕಳ ಹಿಡಿದು ಗಾಲಿಯ ಮೇಲೆ ಕೂಡಿಸಿ, ಕಟ್ಟಿಗೆ ಸುಟ್ಟು ಕರಿಯಾಗುವ ಮೊದಲೇ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಪುಟ್ಟಿಗಳನ್ನೂ ಅರಗಳನ್ನೂ ಗುಂಬದ ಕಡೆಗೆ ಒತ್ತಿ ಹಿಡಿಯುತ್ತದೆ. ಮೊಳೆಯಿಂದ ಬರದ ಬಿಗಿ ಇದರಿಂದ ಬರುತ್ತದೆ. ಅಳತೆ ತೀರ ಸಣ್ಣದಾದರೆ ಅರಗಳೇ ಮುರಿಯುತ್ತವೆ, ದೊಡ್ಡದಾದರೆ ನಡುದಾರಿಯಲ್ಲಿ ಹಳಿ ಕಳಚುತ್ತದೆ. ಈ ಅಂದಾಜು ಬಲ್ಲ ಕೈಗಳು ಊರಿಂದೂರಿಗೆ ಕಡಿಮೆಯಾಗುತ್ತಿವೆ.

ಇರುಸಿನದು ಇನ್ನೊಂದು ಕಥೆ. ಅದು ಹೊರಗೆ ಕಾಣುವುದಿಲ್ಲ. ಗಾಲಿ ಕಳಚಿ ಬೆರಳಾಡಿಸಿದರೆ ಕೆಳಮಗ್ಗುಲು ಸವೆದದ್ದು ತಿಳಿಯುತ್ತದೆ. ಭಾರ ಯಾವಾಗಲೂ ಕೆಳಗೇ ಬೀಳುವುದರಿಂದ ಸವೆತವೂ ಅಲ್ಲೇ. ಕೀಲೆಣ್ಣೆ ಹಾಕಿದರೆ ಚೀರುವ ಸಪ್ಪಳ ನಿಲ್ಲುತ್ತದೆ, ಸವೆದ ಕಬ್ಬಿಣ ತುಂಬಿಕೊಳ್ಳುವುದಿಲ್ಲ. ಕಡೆಗೀಲಂತೂ ಬೆರಳುದ್ದದ ಕಬ್ಬಿಣ. ಅದು ಬಿದ್ದರೆ ಗಾಲಿ ಹೊರಬೀಳುತ್ತದೆ. ಸಾವಿರಾರು ರೂಪಾಯಿಯ ಅಲಂಕಾರ ಮಾಡಿದ ಬಂಡಿ ಆ ಬೆರಳುದ್ದದ ಕಬ್ಬಿಣದ ದಾಕ್ಷಿಣ್ಯದಲ್ಲಿ ನಡೆಯುತ್ತದೆ.

ಇನ್ನು ಭಾರ ಹೊಂದಿಸುವುದು. ಚಕ್ಕಡಿಗೆ ಎರಡೇ ಗಾಲಿ. ತಕ್ಕಡಿಯ ಹಾಗೆ ಅದು ಇರುಸಿನ ಮೇಲೆ ತೂಗುತ್ತದೆ. ಇರುಸಿನಿಂದ ನೊಗಕ್ಕೆ ಹತ್ತು ಅಡಿ ಎಂದಿಟ್ಟುಕೊಳ್ಳಿ. 50 ಕಿಲೋದ ಒಂದು ಚೀಲವನ್ನು ಇರುಸಿನ ಮೇಲಿನಿಂದ ಎರಡು ಅಡಿ ಮುಂದೆ ಸರಿಸಿದರೆ ಎತ್ತುಗಳ ಹೆಗಲಿಗೆ 10 ಕಿಲೋ ಹೆಚ್ಚು ಬೀಳುತ್ತದೆ. ಹಿಂದಕ್ಕೆ ಸರಿಸಿದರೆ ನೊಗ ಮೇಲೆದ್ದು ಜತ್ತಿಗೆ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣು, ಹಿಂಭಾರವಾದರೆ ಉಸಿರು ಕಷ್ಟ. ಅಜ್ಜಿ ಎಲ್ಲಿ ಕೂಡಬೇಕು, ನೀರಿನ ಕೊಡ ಎಲ್ಲಿಡಬೇಕು ಎಂಬುದನ್ನು ಹೊಡೆಯುವವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಹೇಳುತ್ತಿದ್ದ. ಅವನ ಅಂಗೈಯೇ ತೂಕದ ಯಂತ್ರ.

ಈ ವಿಷಯವನ್ನು ಪಂಡಿತರೂ ಗಮನಿಸದೆ ಇಲ್ಲ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದಿಂದ ಎತ್ತಿನ ಬಂಡಿಯ ಸುಧಾರಣೆಯನ್ನೇ ಹಿಡಿದು ಕೂತರು. ಕಂಪನಿಗಳ ಲೆಕ್ಕ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಬಂಡಿಯ ಬೆನ್ನು ಹತ್ತಿದ್ದು ಆಗ ಹಲವರಿಗೆ ವಿಚಿತ್ರವೆನಿಸಿರಬೇಕು. ನೊಗದ ಭಾರ ಎತ್ತಿನ ಕೊರಳನ್ನು ಹೇಗೆ ಕೊಲ್ಲುತ್ತದೆ, ಇರುಸು ಗುಂಬದ ತಿಕ್ಕಾಟದಲ್ಲಿ ಎಷ್ಟು ಶಕ್ತಿ ಹಾಳಾಗುತ್ತದೆ ಎಂದು ಅವರು ದೇಶಕ್ಕೆ ತಿಳಿಸಿ ಹೇಳಿದರು. ಹಳೆಯದೆಲ್ಲ ಚೆನ್ನ ಎನ್ನುವವರು ಇದನ್ನು ನೆನಪಿಡಬೇಕು. ಹಳೆಯ ಬಂಡಿಯನ್ನು ದುರಸ್ತಿ ಮಾಡುವಾಗ ಬೇರಿಂಗು ಹಾಕಿಸಿದರೆ, ನೊಗದ ಅಡಿಗೆ ಮೆತ್ತೆ ಕಟ್ಟಿದರೆ ಬಂಡಿಯ ಜಾತಿ ಕೆಡುವುದಿಲ್ಲ, ಎತ್ತಿಗೆ ಸುಖ. ರಾತ್ರಿ ನಡೆಯುವ ಬಂಡಿಯ ಹಿಂದೆ ಕಂದೀಲಿನ ಜೊತೆಗೆ ನಾಲ್ಕು ಕೆಂಪು ಪ್ರತಿಫಲಕ ಅಂಟಿಸಿದರೆ ಹಿಂದಿನ ಲಾರಿಯವನ ಕಣ್ಣಿಗೂ ಬೀಳುತ್ತದೆ.

ಕ್ರಮ ತಲೆಕೆಳಗಾದದ್ದು ಟ್ರ್ಯಾಕ್ಟರ್ ಬಂದ ಮೇಲೆ. ಎತ್ತು ಸಾಕುವುದು ದುಬಾರಿಯಾಯಿತು, ಅದರಲ್ಲಿ ರೈತನ ತಪ್ಪೇನಿಲ್ಲ. ಬಂಡಿಯ ಮೇಲಿದ್ದ ಕೊಲ್ಲಾರಿ ಟ್ರೇಲರ್ ಮೇಲೆ ಏರಿತು. ಕೆಲವರು ಹಲಗೆ ಹಾಕಿ ಎರಡು ಅಂತಸ್ತು ಮಾಡುತ್ತಾರೆ. ಕೆಳಗೆ ಸಾಮಾನು, ಮೇಲೆ ಹೆಂಗಸರು ಮಕ್ಕಳು. ಮುಂದೆ ಎರಡು ದೊಡ್ಡ ಸ್ಪೀಕರು. ಬಣ್ಣದ ದೀಪಕ್ಕೆ ಖರ್ಚು ಮಾಡಿದವರು ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ನೋಡಿರುವುದಿಲ್ಲ. ಬಹಳಷ್ಟು ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಭಾರ ಮೇಲಕ್ಕೇರಿದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. ಬಂಡಿ ಗಂಟೆಗೆ ನಾಲ್ಕು ಕಿಲೋಮೀಟರಿನಲ್ಲಿ ತಪ್ಪು ಮಾಡಿದರೆ ಮೊಣಕಾಲು ತರಚುತ್ತದೆ. ಅದೇ ತಪ್ಪು ನಲವತ್ತರ ವೇಗದಲ್ಲಾದರೆ ಮನೆಯೇ ಬರಿದಾಗುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 2023ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ಹೊತ್ತ ಸರಕು ವಾಹನವೊಂದು ಮರಕ್ಕೆ ಬಡಿದು ಆರು ಜನ ಸತ್ತರು. ಸರಕಿನ ಗಾಡಿ ಸರಕಿಗೆಂದೇ ಮಾಡಿದ್ದು. ಅದಕ್ಕೆ ತಾಡಪಾಲು ಹೊದಿಸಿದರೂ, ಕೆಳಗೆ ಜಮಖಾನ ಹಾಸಿದರೂ ಅದು ಜನರ ಗಾಡಿ ಆಗುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ.

ಹಳೆಯ ಮೆಟಡಾರ್ ಕೊಂಡು ಮನೆ ಮಾಡಹೊರಟ ಪೇಟೆಯವರಿಗೂ ಬಂಡಿಯ ಪಾಠವೇ ಪಾಠ. ಪರದೆಯ ಬಣ್ಣ ಆರಿಸುವ ಮೊದಲು ಗಾಡಿಯ ಕೆಳಗೆ ಮಲಗಿ ಚಾಸಿಗೆ ತುಕ್ಕು ತಿಂದಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಬ್ರೇಕು, ಸ್ಟಿಯರಿಂಗು, ಟೈರು ಸರಿಯಾದ ಮೇಲೆ ಬಡಿಗನನ್ನು ಕರೆಯಬೇಕು. ಮರದ ಕಪಾಟು ಚೆಂದ, ಆದರೆ ತೂಕ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದನ್ನು ಹಿಂದಿನ ಗಾಲಿಯಾಚೆ ಇಟ್ಟರೆ ಮುಂದಿನ ಗಾಲಿಯ ಹಿಡಿತ ಸಡಿಲುತ್ತದೆ. ಮತ್ತೆ ಅದೇ ಮುಂಭಾರ ಹಿಂಭಾರ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಗಾಳಿಕಿಂಡಿ ಛಾವಣಿಯಲ್ಲಿದ್ದರೆ ಸಾಲದು, ನೆಲದ ಮಟ್ಟದಲ್ಲೂ ಬೇಕು. ಬಂಡಿಯವರು ಒಲೆಯನ್ನು ಯಾವತ್ತೂ ಒಳಗೆ ಹೂಡಲಿಲ್ಲ. ಇಳಿದು, ಮೂರು ಕಲ್ಲಿಟ್ಟು, ಬಯಲಲ್ಲೇ ಬೇಯಿಸಿದರು.

ಇನ್ನೊಂದು ಮಾತು. ಮೋಟಾರು ವಾಹನವನ್ನು ಬೇಕಾದಂತೆ ಕತ್ತರಿಸಿ ಕೂಡಿಸಲು ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆಂದೇ ಇದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಹಳೆಯ ಗಾಡಿಗೆ ಕೈ ಹಾಕುವವರು ಗರಗಸ ಎತ್ತಿಕೊಳ್ಳುವ ಮೊದಲು ಸಾರಿಗೆ ಕಚೇರಿಯ ಮೆಟ್ಟಿಲು ಹತ್ತುವುದು ಲೇಸು. ಇಲ್ಲವಾದರೆ ಖರ್ಚು ಮಾಡಿ ಕಟ್ಟಿದ ಮನೆ ಅಂಗಳ ಬಿಟ್ಟು ಕದಲದಂತಾಗುತ್ತದೆ.

ಹಳೆಯ ಬಂಡಿಗಳಿಗೆ ಈಗ ಬೇರೊಂದು ಗಿರಾಕಿ ಹುಟ್ಟಿದೆ. ಹೆದ್ದಾರಿಯ ಢಾಬಾಗಳು, ರೆಸಾರ್ಟುಗಳು ಗಾಲಿಗಳನ್ನು ಕೊಂಡು, ಹೊಳೆಯುವಂತೆ ವಾರ್ನಿಶ್ ಬಳಿದು, ಗೋಡೆಗೆ ಒರಗಿಸುತ್ತವೆ. ಅದೂ ಒಂದು ಬಗೆಯ ಜೀರ್ಣೋದ್ಧಾರವೇ ಇರಬಹುದು. ಆದರೆ ಗೋಡೆಗೆ ಒರಗಿದ ಗಾಲಿಗೆ ಹಳಿ ಬಿಗಿಯಾಗಿರಬೇಕಿಲ್ಲ, ಇರುಸು ಬೇಕೇ ಇಲ್ಲ. ಕಮ್ಮಾರನ ಕೆಲಸ ಅಲ್ಲಿಗೆ ಮುಗಿಯಿತು. ಎಲ್ಲಮ್ಮನ ಗುಡ್ಡಕ್ಕೆ ವರ್ಷಕ್ಕೊಮ್ಮೆ ಹೋಗಿಬರುವ ಒಂದು ಹಳೆಯ ಚಕ್ಕಡಿ ಮಾತ್ರ ಒಬ್ಬ ಬಡಿಗನಿಗೆ, ಒಬ್ಬ ಕಮ್ಮಾರನಿಗೆ ಇನ್ನೊಂದು ವರ್ಷದ ಕೆಲಸ ಕೊಡುತ್ತದೆ, ಅವರ ಮಗನಿಗೆ ಇನ್ನೊಂದು ಸಲ ನೋಡಿ ಕಲಿಯುವ ಅವಕಾಶ ಕೊಡುತ್ತದೆ.

ಮನೆಯಲ್ಲಿ ಹಳೆಯ ಬಂಡಿ ಇದ್ದವರು ಮುಂದಿನ ಜಾತ್ರೆಯ ಹಿಂದಿನ ದಿನ ಬಣ್ಣದ ಡಬ್ಬಿ ತರುವ ಬದಲು, ಈ ಸಲ ಸುಗ್ಗಿಗೆ ಮೊದಲೇ ಒಂದು ದಿನ ಗಾಲಿ ಕಳಚಿ ಇರುಸು ಮುಟ್ಟಿ ನೋಡಲಿ. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದವರು ಸಾಮಾನನ್ನು ಅದರಲ್ಲಿ ಹೇರಿ, ಮಕ್ಕಳನ್ನೂ ಮುದುಕರನ್ನೂ ಬಸ್ಸು ಹತ್ತಿಸಲಿ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಹೋದವರೆಲ್ಲ ತಿರುಗಿ ಬಂದರೆ ಜಾತ್ರೆ ಆದಂತೆ.