ಸೊಳ್ಳೆಗಳ ನಿವಾರಣೆಯೂ ನಮ್ಮ ಹೊಣೆಯೂ

ಮಳೆಗಾಲವು ಕಾಲಿಟ್ಟೊಡನೆ ನಮ್ಮ ಊರೂರುಗಳಲ್ಲಿ ಒಂದೇ ಕೂಗು ಕೇಳಬರುತ್ತದೆ: ಸೊಳ್ಳೆ ಹೆಚ್ಚಿತು, ಜ್ವರ ಹಬ್ಬಿತು, ಪುರಸಭೆಯವರು ಕಣ್ಣೆತ್ತಿ ನೋಡಲಿಲ್ಲ. ಈ ಕೂಗಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹೀಗೆ ದೂರುವವರ ಹಿತ್ತಿಲಲ್ಲಿಯೇ ಒಡಕು ಮಡಕೆಯ ಮಳೆನೀರಿನೊಳಗೆ ಸೊಳ್ಳೆಯ ಮರಿಗಳು ತಲೆಕೆಳಗಾಗಿ ತೂಗಾಡುತ್ತಿರುವುದನ್ನು ಬಗ್ಗಿ ನೋಡಿದವರು ಎಷ್ಟು ಮಂದಿ?

ಈ ಕ್ಷುದ್ರ ಕೀಟವು ಕನ್ನಡ ನಾಡಿಗೆ ಮಾಡಿದ ಕೇಡು ಅಲ್ಪವಾದುದಲ್ಲ. ಚಳಿಜ್ವರದ ದೆಸೆಯಿಂದ ಮಲೆನಾಡಿನ ಎಷ್ಟೋ ಊರುಗಳು ಹಾಳುಬಿದ್ದವು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಜನರು ಬಹುಕಾಲ ನಂಬಿದ್ದರು. 1897ನೆಯ ಇಸವಿ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗದ ಬೀಜವನ್ನು ಕಂಡುಹಿಡಿದ ಮೇಲೆ ನಿಜವಾದ ಶತ್ರು ಯಾರೆಂಬುದು ತಿಳಿಯಿತು. ನಾಡು ಆಗ ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. 1946ರ ಸುಮಾರಿಗೆ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದವರು ಮುಂಬಯಿ ಸರಕಾರದವರು. ಅವರ ಅಧಿಕಾರವು ಮುಂಬಯಿಯ ಗಡಿಗೆ ನಿಲ್ಲುವುದು, ಸೊಳ್ಳೆಗೆ ಗಡಿಯೆಲ್ಲಿಯದು?

ಮುಂದೆ 1953ರಲ್ಲಿ ಸಮಗ್ರ ದೇಶಕ್ಕೂ ಒಂದೇ ಯೋಜನೆ ಆರಂಭವಾಯಿತು. 1965ರ ಹೊತ್ತಿಗೆ ವರ್ಷದ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಬಗೆದು ಎಚ್ಚರ ತಪ್ಪಿದೆವು; ಸೊಳ್ಳೆಗಳೂ ಮದ್ದನ್ನು ಅರಗಿಸಿಕೊಂಡವು. 1976ರಲ್ಲಿ ಆ ಸಂಖ್ಯೆಯು 64 ಲಕ್ಷಕ್ಕೇರಿತು. ಮದ್ದೊಂದನ್ನೇ ನೆಚ್ಚಿ ಕುಳಿತರೆ ಆಗುವ ಫಲವಿದು.

ಇಂದು ಡೆಂಗೀ ಜ್ವರದ ಭಯವು ಅದಕ್ಕೆ ಸೇರಿದೆ. ಅದನ್ನು ಹರಡುವ ಈಡಿಸ್ ಸೊಳ್ಳೆಯು ಕೊಳೆತ ಗಟಾರವನ್ನು ಬಯಸುವುದಿಲ್ಲ. ನಾವು ಮಡಿಯಿಂದ ತುಂಬಿಟ್ಟ ತಿಳಿನೀರೇ ಅದಕ್ಕೆ ಪ್ರಿಯ. ಕಚ್ಚುವುದೂ ಹಗಲಿನಲ್ಲಿಯೇ. ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಅದು ಸಾಮಾನ್ಯವಾಗಿ ಕೆಲವು ನೂರು ಗಜಗಳಿಗಿಂತ ದೂರ ಹಾರುವುದಿಲ್ಲ. ಎಂದ ಬಳಿಕ ನಮ್ಮ ಮಗುವನ್ನು ಕಚ್ಚಿದ ಸೊಳ್ಳೆಯು ನಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಹುಟ್ಟಿದುದೇ ಹೊರತು ಪರದೇಶದಿಂದ ಬಂದುದಲ್ಲ.

ಇದರ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿ ಹಂಡೆ, ಬಾನಿ, ತೊಟ್ಟಿಗಳನ್ನು ಬರಿದುಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿಗಿಂತ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ನೀರು ತಾಗಿದೊಡನೆ ಒಡೆಯುವುವು. ಒಳಮೈಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಲೇಬೇಕು. ಕುಡಿಯುವ ನೀರಿನ ಪಾತ್ರೆಗೆ ಬಟ್ಟೆ ಬಿಗಿದು, ಮಾಳಿಗೆಯ ತೊಟ್ಟಿಗೆ ಸಂದಿಲ್ಲದ ಮುಚ್ಚಳ ಹಾಕಬೇಕು. ತೆಂಗಿನ ಕರಟ, ಉದುರಿದ ಅಡಕೆಯ ಹಾಳೆ, ಹಳೆಯ ಟೈರು, ಅಂಗಳದ ಒರಳುಕಲ್ಲಿನ ಕುಳಿ, ಹೂಕುಂಡದ ಕೆಳಗಿನ ತಟ್ಟೆ, ಶೀತಪೆಟ್ಟಿಗೆಯ ಹಿಂಬದಿಯ ತಟ್ಟೆ ಇವೆಲ್ಲವೂ ಸೊಳ್ಳೆಯ ತೊಟ್ಟಿಲುಗಳೇ. ಬಚ್ಚಲ ನೀರು ನಿಂತು ಕೊಳೆತಲ್ಲಿ ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಯು ಹುಟ್ಟುವುದು. ಆ ನೀರನ್ನು ಇಂಗುಗುಂಡಿಗೆ ಹರಿಸಬೇಕು. ಬರಿದುಮಾಡಲಾಗದ ಬಾವಿಗೆ ಗಪ್ಪಿ ಮೀನು ಬಿಡುವುದು ಒಳ್ಳೆಯ ಉಪಾಯ. ಆದರೆ ಆ ಪರದೇಶದ ಮೀನನ್ನು ಕೆರೆ ಹೊಳೆಗಳಿಗೆ ಬಿಟ್ಟು ನಮ್ಮ ಮೀನುಗಳ ಕುಲಕ್ಕೆ ಕೇಡು ತರಬಾರದು.

ಹೊಗೆಬಂಡಿಯು ಬೀದಿಯಲ್ಲಿ ಸದ್ದುಮಾಡುತ್ತ ಹೋದರೆ ನಮಗೆ ಸಮಾಧಾನ. ಆದರೆ ಆ ಹೊಗೆಯು ಹಾರಾಡುವ ಕೆಲವು ಸೊಳ್ಳೆಗಳನ್ನು ಕೊಲ್ಲಬಹುದೇ ಹೊರತು ನೀರೊಳಗಿನ ಮರಿಗಳನ್ನು ಮುಟ್ಟಲಾರದು. ಕೊಂಬೆಯನ್ನು ಸವರಿ ಬೇರನ್ನು ಬಿಟ್ಟಂತಾಯಿತು.

ಕಾನೂನಿನ ಮಾತನ್ನೂ ಹೇಳಬೇಕು. 2024ರಲ್ಲಿ ಕರ್ನಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಆಸ್ಪದವಿತ್ತ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ನೆರೆಯವನ ಪ್ರಾಣಕ್ಕೆ ಅಪಾಯ ತರುವುದು ಯಾರ ಖಾಸಗಿ ಹಕ್ಕೂ ಅಲ್ಲವೆಂಬ ತತ್ತ್ವವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಸರಕಾರಕ್ಕೂ ಒಂದು ಮಾತು ಹೇಳದೆ ಇರಲಾರೆವು. ನಲ್ಲಿಯಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುವ ಕೇರಿಯ ಬಡ ತಾಯಿಯು ಪಾತ್ರೆಪಾತ್ರೆಗಳಲ್ಲಿ ನೀರು ತುಂಬಿಡದೆ ಮತ್ತೇನು ಮಾಡಿಯಾಳು? ತುಂಬಿದುದನ್ನು ಚೆಲ್ಲೆಂದರೆ ಕುಡಿಯುವುದೇನನ್ನು? ದಂಡದ ಚೀಟಿಗಿಂತ ಮೊದಲು ದಿನದಿನದ ನೀರು ಆಕೆಯ ಬಾಗಿಲಿಗೆ ಬರಲಿ.

ಹಾಗೆಂದು ನಮ್ಮ ಕೆಲಸವು ಸರಕಾರದ ಕೆಲಸಕ್ಕೆ ಕಾಯಬೇಕಾಗಿಲ್ಲ. ಗಾಂಧೀಜಿಯವರು 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದಲ್ಲಿ ಗ್ರಾಮನೈರ್ಮಲ್ಯಕ್ಕೂ ಸ್ಥಾನವಿತ್ತರು. ಸ್ವರಾಜ್ಯವು ಮನೆಯಂಗಳದಿಂದಲೇ ಮೊದಲಾಗಬೇಕೆಂಬುದು ಅದರ ತಾತ್ಪರ್ಯ. ಒಬ್ಬನು ತನ್ನ ಅಂಗಳವನ್ನು ಕನ್ನಡಿಯಂತೆ ಇಟ್ಟುಕೊಂಡರೂ ನೆರೆಯವನ ಟೈರಿನಲ್ಲಿ ನೀರು ನಿಂತಿದ್ದರೆ ಫಲವಿಲ್ಲ. ಕೇರಿಕೇರಿಯ ತರುಣರು ಶಾಲೆಯ ಮಕ್ಕಳನ್ನು ಕರೆದುಕೊಂಡು, ಗೊತ್ತುಮಾಡಿದ ವಾರದ ದಿನ ಮನೆಮನೆಗೆ ಹೋಗಿ, ತಾಯಂದಿರಿಗೆ ವಿನಯದಿಂದ ತಿಳಿಯಹೇಳಿ, ಕೈಲಾಗದ ವೃದ್ಧರ ಹಂಡೆಗಳನ್ನು ತಾವೇ ತಿಕ್ಕಿಕೊಡಲಿ.

1956ರಲ್ಲಿ ಕನ್ನಡಿಗರು ನಾಡಿನ ನಡುವಣ ಗಡಿಗಳನ್ನು ಅಳಿಸಿದರು. ಮನೆ ಮನೆಯ ನಡುವಣ ಉದಾಸೀನದ ಗೋಡೆಯನ್ನು ಕೆಡಹುವುದು ಅದಕ್ಕಿಂತ ಕಷ್ಟದ ಕೆಲಸವೇ? ವಾಚಕರು ಈ ವಾರವೇ ತಮ್ಮ ಹಿತ್ತಿಲಿಗೆ ಒಮ್ಮೆ ಹೋಗಿ ನೋಡಬೇಕೆಂದು ನಮ್ಮ ಅರಿಕೆ.